ಆಪ್ತವಾಕ್ಯ



ಪ್ರಮಾಣಗಳು ನಾಲ್ಕೆಂದು ತರ್ಕಶಾಸ್ತ್ರ ಹೇಳುತ್ತದೆ. ಕಣ್ಣಿಗೆ ಕಂಡದ್ದು ಪ್ರತ್ಯಕ್ಷ. ಹೊಗೆಯನ್ನು ನೋಡಿ ಬೆಂಕಿಯನ್ನು ತಿಳಿಯುವುದು ಅನುಮಾನ. ಹೋಲಿಕೆಯಿಂದ ತಿಳಿಯುವುದು ಉಪಮಾನ. ನಾಲ್ಕನೆಯದು ಶಬ್ದ, ಅಂದರೆ ಇನ್ನೊಬ್ಬರು ಹೇಳಿದ್ದರಿಂದ ಬಂದ ಜ್ಞಾನ. ತುಂಗಭದ್ರೆಯ ಜಲಾಶಯದಲ್ಲಿ ನೀರೆಷ್ಟು, ಗಂಗಾವತಿಯಲ್ಲಿ ಭತ್ತದ ಧಾರಣೆಯೇನು, ದಿಲ್ಲಿಯಲ್ಲಿ ಯಾವ ಕಾಯಿದೆಯಾಯಿತು, ಇವನ್ನೆಲ್ಲ ನಾವಾಗಲಿ ನೀವಾಗಲಿ ಕಣ್ಣಾರೆ ಕಂಡವರಲ್ಲ. ಯಾರೋ ಹೇಳಿದರು, ನಂಬಿದೆವು. ಆದ್ದರಿಂದಲೇ ಶಾಸ್ತ್ರಕಾರರು ಎಲ್ಲರ ಮಾತನ್ನೂ ಪ್ರಮಾಣವೆನ್ನದೆ ಆಪ್ತನ ಮಾತನ್ನು ಮಾತ್ರ ಪ್ರಮಾಣವೆಂದರು. ಆಪ್ತನೆಂದರೆ ಇಲ್ಲಿ ನೆಂಟನೂ ಅಲ್ಲ, ಗೆಳೆಯನೂ ಅಲ್ಲ. ಇದ್ದುದನ್ನು ಇದ್ದಂತೆ ನುಡಿಯುವವನು.

ಈ ವಿಷಯ ಎತ್ತಲು ಕಾರಣವುಂಟು. ಕಳೆದ ಸೋಮವಾರ ಕುಷ್ಟಗಿ ಕಡೆಯ ಭಕ್ತರೊಬ್ಬರು ಬಿ.ಎ. ಮುಗಿಸಿದ ಮಗಳನ್ನು ಕರೆದುಕೊಂಡು ಮಠಕ್ಕೆ ಬಂದಿದ್ದರು. ಆಕೆ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಓದುವೆನೆನ್ನುತ್ತಾಳೆ. ತಂದೆಗೆ ಒಪ್ಪಿಗೆಯಿಲ್ಲ. "ಅಜ್ಜಾರ, ಸುದ್ದಿ ಹೇಳಾಕ ಎಂ.ಎ. ಯಾಕ ಬೇಕ್ರಿ? ನಮ್ಮೂರ ಅಗಸಿ ಕಟ್ಟಿ ಮ್ಯಾಲ ಕುಂತವ್ರು ಅದನ್ನ ಪುಕ್ಕಟೆ ಮಾಡ್ತಾರ. ಬಿ.ಎಡ್. ಮಾಡು ಅಂತ ನೀವರ ಹೇಳ್ರಿ" ಎಂದರು. ನಮಗೆ ನಗು ಬಂದಿತು. ಆದರೆ ಅದು ತಳ್ಳಿಹಾಕುವ ಪ್ರಶ್ನೆಯಲ್ಲ.

ಕಟ್ಟೆಯ ಸುದ್ದಿಗೆ ಈಗ ರೆಕ್ಕೆ ಬಂದಿವೆ. ೨೦೧೮ರ ಜುಲೈಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಬೀದರ ಜಿಲ್ಲೆಯಲ್ಲಿಯೇ ನಡೆದದ್ದನ್ನು ಕೇಳಿರಿ. ಹೊರಗಿನಿಂದ ಬಂದ ಕೆಲವು ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರೆಂದು ಗುಲ್ಲೆದ್ದಿತು. ಅವರು ಕಾರು ಹತ್ತಿ ಹೊರಟರೆ ವಾಟ್ಸಾಪಿನ ಸುದ್ದಿ ಅವರಿಗಿಂತ ಮೊದಲೇ ಮುರ್ಕಿ ಎಂಬ ಊರನ್ನು ಮುಟ್ಟಿತ್ತು. ಜನ ಅಡ್ಡಗಟ್ಟಿ ಹೊಡೆದರು. ಹೈದರಾಬಾದಿನ ಯುವಕನೊಬ್ಬ ಪ್ರಾಣ ಬಿಟ್ಟನು. ಹೊಡೆದವರೂ ಮಕ್ಕಳೊಂದಿಗರೇ, ಮಕ್ಕಳ ಮೇಲಿನ ಮೋಹದಿಂದಲೇ ಓಡಿಬಂದವರು. ಸುದ್ದಿಯ ಮೂಲವನ್ನು ವಿಚಾರಿಸುವಷ್ಟು ಹೊತ್ತು ಕೈ ತಡೆದಿದ್ದರೆ ಒಂದು ಜೀವ ಉಳಿಯುತ್ತಿತ್ತು.

ಆ ವಿದ್ಯೆಯ ತರಗತಿಯಲ್ಲಿ ಮೊದಲು ಕಲಿಸುವುದು ಇದನ್ನೇ. ಹೇಳಿದವರು ಯಾರು? ಅವರು ಕಂಡದ್ದೋ, ಕೇಳಿದ್ದೋ? ಇನ್ನೊಬ್ಬರನ್ನು ವಿಚಾರಿಸಿದ್ದಾಯಿತೇ? ಯಾರ ಮೇಲೆ ಆರೋಪವಿದೆಯೋ ಅವರನ್ನು ಕೇಳಿದ್ದಾಯಿತೇ? ಮಾನಹಾನಿಯ ಕಾನೂನು, ೨೦೦೫ರ ಮಾಹಿತಿ ಹಕ್ಕಿನ ಕಾಯಿದೆ, ಬಾನುಲಿ, ಜಾಹೀರಾತು, ಇವೆಲ್ಲ ಆಮೇಲಿನವು. ನಾವು ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದುವಾಗ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಈ ಮೂರೂ ಕೂಡಿದರೆ ವಾಕ್ಯಕ್ಕೆ ಅರ್ಥವೆಂದು ಕಲಿತೆವು. "ಎತ್ತು" ಎಂದು ಮುಂಜಾನೆ ಹೇಳಿ "ಕಟ್ಟು" ಎಂದು ಸಂಜೆಗೆ ಹೇಳಿದರೆ ಸನ್ನಿಧಿಯಿಲ್ಲ, ಎತ್ತು ಹೊಲ ಮೇಯ್ದಿರುತ್ತದೆ. ಈಗ ಒಂದು ತಾಸಿನ ಭಾಷಣದೊಳಗಿಂದ ಅರ್ಧ ನಿಮಿಷ ಕತ್ತರಿಸಿ ಮೊಬೈಲಿಗೆ ಬಿಡುತ್ತಾರೆ. ಮುಖ ನಿಜ, ಧ್ವನಿ ನಿಜ, ಸನ್ನಿಧಿ ಮಾತ್ರ ಹೋಯಿತು, ಅರ್ಥ ತಿರುವುಮುರುವಾಯಿತು. ಸ್ವಾಮಿಗಳ ಪ್ರವಚನವನ್ನೂ ಬಿಟ್ಟಿಲ್ಲ, ಅದಿರಲಿ.

ಈ ಕೆಲಸ ನಮ್ಮ ಸೀಮೆಗೆ ಪರಕೀಯವಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಮೋಗ್ಲಿಂಗ್ ಪಾದ್ರಿಗಳು ೧೮೪೩ರ ಜುಲೈ ೧ರಂದು ಕಲ್ಲಚ್ಚಿನಲ್ಲಿ ಹೊರತಂದರು. ಮರುವರ್ಷ ಅದು ಹೊಳೆಯಾಚೆಯ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ'ವಾಯಿತು. ಹೊಳೆಯೀಚೆಗೆ ನಾವು ನಿಜಾಮರ ಪ್ರಜೆಗಳು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರು. ೧೯೪೮ರ ಸೆಪ್ಟೆಂಬರದವರೆಗೆ ಕಚೇರಿಯ ಭಾಷೆ ಉರ್ದು. ಸರಕಾರದ ಕಾಗದ ಓದಿಸಲು ರೈತ ಇನ್ನೊಬ್ಬರ ಬಾಗಿಲಿಗೆ ಹೋಗಬೇಕಾಗಿತ್ತು, ಅವರು ಓದಿ ಹೇಳಿದ್ದೇ ಸತ್ಯ. ಸುದ್ದಿಯ ಬಡತನವೆಂದರೇನೆಂದು ನಿಮ್ಮ ಅಜ್ಜಂದಿರು ಬಲ್ಲರು.

ವಿಜಾಪುರದ ಫ.ಗು. ಹಳಕಟ್ಟಿಯವರು ವಕೀಲರು. ತಾಡೋಲೆಯ ಕಟ್ಟುಗಳನ್ನು ಮನೆಮನೆ ತಿರುಗಿ ಕೂಡಿಸಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಮನೆಯನ್ನು ಮಾರಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ೧೯೨೬ರಲ್ಲಿ 'ಶಿವಾನುಭವ', ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ. ಶರಣರ ಮಾತು ಇಂದು ನಿಮ್ಮ ಮನೆಯ ಗೂಡಿನಲ್ಲಿ ಪುಸ್ತಕವಾಗಿ ಕುಳಿತಿದ್ದರೆ ಅದಕ್ಕೆ ಆ ಪತ್ರಿಕಾ ಸಂಪಾದಕರೂ ಕಾರಣರು. ಅವರನ್ನು ನೆನೆದು ಕೈಮುಗಿಯುವವರು, ಮಗಳು ಅದೇ ದಾರಿ ಹಿಡಿಯುತ್ತೇನೆಂದರೆ ಬೇಡವೆನ್ನುವುದು ಹೇಗೆ?

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ೧೯೫೧ರಲ್ಲಿ ಈ ಪಾಠ ಆರಂಭಿಸಿದರು. ಈಗ ಕಲಬುರಗಿಯಲ್ಲಿದೆ, ಬಳ್ಳಾರಿಯಲ್ಲಿದೆ, ಅಕ್ಕಮಹಾದೇವಿಯ ಹೆಸರು ಹೊತ್ತ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿದೆ. ದೂರವೆಂಬ ನೆವ ನಡೆಯದು. ಸಂಬಳದ ಮಾತನ್ನು ಮಾತ್ರ ನಾವು ಮುಚ್ಚಿಡುವುದಿಲ್ಲ. ತಾಲೂಕಿನ ಸುದ್ದಿಗಾರರಲ್ಲಿ ಹಲವರ ಹೊಟ್ಟೆ ಜಾಹೀರಾತಿನ ಕಮಿಷನ್ನಿನ ಮೇಲೆ ನಡೆಯುತ್ತದೆ. ಜಾಹೀರಾತು ಕೊಟ್ಟವರ ವಿರುದ್ಧ ಅವರು ಹೇಗೆ ಬರೆದಾರು? ತಂದೆಯ ಅಂಜಿಕೆ ಸುಳ್ಳಲ್ಲವೆಂದು ಹುಡುಗಿಗೂ ಹೇಳಿದೆವು. ಆಕೆ, "ಯಲಬುರ್ಗಾ ಕುಷ್ಟಗಿಯಿಂದ ಗುಳೇ ಹೋಗೋರ ಸುದ್ದಿ ಗುಳೇ ಹೋದೋರ ಮನಿಯವ್ರು ಬರೀದಿದ್ರ ಯಾರು ಬರೀತಾರ್ರಿ ಅಜ್ಜಾರ?" ಎಂದಳು. ತಂದೆ ತಲೆ ತಗ್ಗಿಸಿದರು. ಅವರೂ ಎರಡು ವರ್ಷ ಮಂಗಳೂರಿನಲ್ಲಿ ಕಲ್ಲು ಹೊತ್ತವರು. ಹೋಗಲಿ, ಓದಲಿ ಎಂದು ನಾವು ಅಪ್ಪಣೆ ಕೊಟ್ಟೆವು. ಮೊದಲ ವರ್ಷದ ಶುಲ್ಕ ಮಠದಿಂದ ಹೋಗುವುದು.

ಅಲ್ಲಿಯೇ ಕುಳಿತಿದ್ದ ಹಿರಿಯರೊಬ್ಬರು, "ನಾಳೆ ಈಕಿ ಮಠದ ಮ್ಯಾಲೂ ಬರದ್ರ?" ಎಂದು ಕೇಳಿದರು. ಬರೆಯಲಿ. ಪ್ರಶ್ನೆ ಕೇಳಿಸಿಕೊಳ್ಳಲಾರದ ಮಠವು ಅನುಭವ ಮಂಟಪದ ಹೆಸರನ್ನು ಯಾವ ಬಾಯಿಂದ ಹೇಳಬೇಕು? ಆದರೆ ನಮ್ಮನ್ನೂ ಒಂದು ಮಾತು ಕೇಳಿ ಬರೆಯಲಿ. ಈ ಜಾತ್ರೆಗೆ ಬಂದ ಜೋಳವೆಷ್ಟು, ಅಕ್ಕಿಯೆಷ್ಟು, ರೊಕ್ಕವೆಷ್ಟು, ದಾಸೋಹಕ್ಕೆ ವೆಚ್ಚವಾದದ್ದೆಷ್ಟು ಎಂಬ ಲೆಕ್ಕದ ಪುಸ್ತಕವನ್ನು ಕಚೇರಿಯಲ್ಲಿ ಇಡಿಸಿದ್ದೇವೆ. ನೋಡಬೇಕೆಂದವರು ಪ್ರಸಾದವಾದ ಮೇಲೆ ಹೋಗಿ ನೋಡಬಹುದು.