ಪೋಡಿಯಾಗದ ಜಮೀನಿಗೆ ಯಾರು ಯಜಮಾನ?



ಶಿಕಾರಿಪುರದಲ್ಲಿ ಅಪಾರ್ಟ್‌ಮೆಂಟ್ ಕಾನೂನಿನ ವಿಚಾರ ಸಂಕಿರಣವೇ ಎಂದು ಹುಬ್ಬೇರಿಸುವವರಿದ್ದಾರೆ. ಸೈಟು, ಸ್ವಂತ ಮನೆಗಳ ಊರು ಇದು, ನಿಜ. ಆದರೆ ಅಡಿಕೆ, ಮೆಕ್ಕೆಜೋಳದ ದುಡ್ಡು ಇಲ್ಲೇ ಕೂತಿಲ್ಲ. ಶಿಕಾರಿಪುರ, ಸೊರಬದ ಕುಟುಂಬಗಳು ಮಕ್ಕಳ ನೌಕರಿಯ ಹಿಂದೆ ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಫ್ಲ್ಯಾಟ್ ಕೊಳ್ಳುತ್ತವೆ. ತಕರಾರು ಬಂದಾಗ ಕ್ರಯಪತ್ರ ಹಿಡಿದು ಬರುವುದು ಊರಿನ ವಕೀಲರ ಹತ್ತಿರವೇ.

ಈ ಕ್ಷೇತ್ರವನ್ನು ಕೆಡಿಸಿದ್ದು ಬಿಲ್ಡರ್‌ಗಳು ಎಂಬ ಮಾತು ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಇಲ್ಲಿ ಮಾತಿಗೆ ನಿಂತವನ ಹಳೆಯ ಹಠ ಬೇರೆ. ತಪ್ಪಿದ್ದು 1972ರಲ್ಲಿ, ಕಾನೂನು ಬರೆಯುವಾಗಲೇ. ಆ ವರ್ಷದ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಒಳ್ಳೆಯ ಅಂಶಗಳು ಬೇಕಾದಷ್ಟಿವೆ. ಆದರೆ ಅದು ತಾನಾಗಿ ಅನ್ವಯಿಸುವುದಿಲ್ಲ. ಮಾಲೀಕರು ಘೋಷಣಾಪತ್ರ ಬರೆದು ನೋಂದಾಯಿಸಬೇಕು, ಕಟ್ಟಡ ಮುಖ್ಯವಾಗಿ ವಾಸಕ್ಕೆ ಬಳಕೆಯಾಗುವಂಥದ್ದಾಗಿರಬೇಕು. ಆ ಗೊಡವೆಗೆ ಹೋಗದವರು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘ ಮಾಡಿಕೊಂಡು ಸುಮ್ಮನಾದರು. ಸಾಹಿತ್ಯ, ಕಲೆ, ಧರ್ಮಕಾರ್ಯದ ಸಂಘಗಳಿಗೆ ಒಗ್ಗುವ ಕಾಯ್ದೆ ಅದು. ಕೋಟಿಗಟ್ಟಲೆ ಬೆಲೆಯ ಆಸ್ತಿಯನ್ನು ಅದರ ಮೇಲೆ ಹೊರಿಸಿದ್ದೇವೆ.

ಪರಿಣಾಮ ವಾರ್ಷಿಕ ಸಭೆಯಲ್ಲಿ ಕಾಣುತ್ತದೆ. ಲಿಫ್ಟಿನ ಹಗ್ಗ ಬದಲಿಸಬೇಕು. ಗ್ರೌಂಡ್ ಫ್ಲೋರಿನವರು ಎದ್ದು, “ನಾವು ಲಿಫ್ಟ್ ಹತ್ತುವುದೇ ಇಲ್ಲವಲ್ಲ ಸ್ವಾಮಿ” ಎನ್ನುತ್ತಾರೆ. ಖಜಾಂಚಿ ತಲೆ ಕೆರೆದುಕೊಳ್ಳುತ್ತಾರೆ. ಉತ್ತರ 1972ರ ಕಾಯ್ದೆಯಲ್ಲೇ ಇದೆ: ಬಳಸುವುದಿಲ್ಲ ಎಂದು ಬಿಟ್ಟುಕೊಟ್ಟ ಮಾತ್ರಕ್ಕೆ ಸಾಮಾನ್ಯ ಖರ್ಚಿನ ಹೊಣೆ ತಪ್ಪುವುದಿಲ್ಲ. ಬಾಕಿ ಉಳಿದರೆ ಅದು ಆ ಫ್ಲ್ಯಾಟಿನ ಮೇಲೇ ಋಣಭಾರವಾಗುತ್ತದೆ, ಮಾರಿದರೆ ಕೊಂಡವರ ಕೊರಳಿಗೂ ಬೀಳುತ್ತದೆ. ಘೋಷಣಾಪತ್ರವೇ ಇಲ್ಲದ ಕಡೆ ಈ ಉತ್ತರ ಎತ್ತಿ ತೋರಿಸುವುದಾದರೂ ಹೇಗೆ?

ಜಿಎಸ್‌ಟಿಯ ವಿಷಯವನ್ನು ಲೆಕ್ಕಪರಿಶೋಧಕ ಮಿತ್ರರು ಮಧ್ಯಾಹ್ನ ಬಿಡಿಸಿ ಹೇಳಲಿದ್ದಾರೆ. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರಿ, ತಿಂಗಳ ನಿರ್ವಹಣಾ ಶುಲ್ಕವೂ 7,500 ರೂಪಾಯಿ ದಾಟಿದರೆ ಶೇ 18 ತೆರಿಗೆ. ಪೂರ್ತಿ ಮೊತ್ತಕ್ಕೋ ಹೆಚ್ಚುವರಿಗಷ್ಟೋ? ಹೆಚ್ಚುವರಿಗಷ್ಟೇ ಎಂದು 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತ್ತು. ಅವರ ಊಟದ ನಂತರದ ಹೊತ್ತನ್ನು ಇಲ್ಲಿ ಕಸಿಯುವುದು ಬೇಡ.

ದುರಸ್ತಿ ನಿಧಿಯ ಬಗ್ಗೆ ಮಾತ್ರ ಒಂದು ಮಾತು. ಈ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನದಲ್ಲಿ ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ ಪ್ರಸ್ತಾಪವಿದೆ. ಮುಂದೆ ಕನ್ನಡ ನಾಡಿನಲ್ಲಿ ಕೆರೆ ಕಟ್ಟಿಸಿ ಕಾಪಾಡುವವರಿಗೆ ಬಿತ್ತುವಟ್ಟವೆಂದು ಜಮೀನು ಬಿಡುವ ಪದ್ಧತಿಯೇ ಬೆಳೆಯಿತು. ಕಟ್ಟುವ ದಿನವೇ ದುರಸ್ತಿಯ ಯೋಚನೆ! ನಮ್ಮ ಎಷ್ಟೋ ಸಂಘಗಳು ತಾರಸಿ ಸೋರಿದ ಮೇಲೆ ವಂತಿಗೆ ಎತ್ತುತ್ತವೆ.

ಇನ್ನು ಬಹಳ ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ: ಕಟ್ಟಡದ ಕೆಳಗಿನ ನೆಲ ಯಾರದು? ಕ್ರಯಪತ್ರದಲ್ಲಿ ಪ್ರತಿ ಫ್ಲ್ಯಾಟಿಗೂ ನೆಲದ ಅವಿಭಜಿತ ಹಿಸ್ಸೆ ಬರೆದಿರುತ್ತದೆ. ಜಂಟಿ ಪಹಣಿ ನೋಡಿದ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ವ್ಯತ್ಯಾಸವೆಂದರೆ ಜಂಟಿ ಪಹಣಿಗೆ ಇಂದಲ್ಲ ನಾಳೆ ಪೋಡಿ ಮಾಡಿಸಬಹುದು, ಅಪಾರ್ಟ್‌ಮೆಂಟಿನ ನೆಲಕ್ಕೆ ಆ ದಾರಿಯಿಲ್ಲ. ಎಲ್ಲ ಮಾಲೀಕರ ಒಪ್ಪಿಗೆಯಿಲ್ಲದೆ ಹಿಸ್ಸೆಯ ಪ್ರಮಾಣವನ್ನೂ ಬದಲಿಸುವಂತಿಲ್ಲ. ಇಷ್ಟರವರೆಗೆ ಸರಿ. ಆದರೆ 2016ರ ರೇರಾ ಕಾಯ್ದೆಯ 17ನೇ ಕಲಂ ಸಾಮಾನ್ಯ ಪ್ರದೇಶದ ಅವಿಭಜಿತ ಹಕ್ಕನ್ನು ಬಿಲ್ಡರ್ ಸಂಘಕ್ಕೆ ಬರೆದುಕೊಡಬೇಕು ಎನ್ನುತ್ತದೆ. ಕೊಂಡವರ ಕ್ರಯಪತ್ರದಲ್ಲಿ ಹಿಸ್ಸೆ ಆಗಲೇ ಸಂದುಹೋಗಿದ್ದರೆ ಬಿಲ್ಡರ್ ಸಂಘಕ್ಕೆ ಬರೆದುಕೊಡುವುದೇನನ್ನು? ಕಟ್ಟಡ ಹಳತಾಗಿ ಕೆಡವಬೇಕಾದಾಗ ಸಹಿ ಹಾಕುವವರು ಯಾರು? ಅಮೆರಿಕದಲ್ಲಿರುವ ಒಬ್ಬ ಮಾಲೀಕ ಒಪ್ಪದಿದ್ದರೆ ಉಳಿದವರ ಗತಿ?

ಈ ಪ್ರಶ್ನೆ ಎತ್ತಿದಾಗಲೆಲ್ಲ ಚರ್ಚೆ ಮತ್ತೆ ಪಾರ್ಕಿಂಗಿನ ಕಡೆ ಹೊರಳುತ್ತದೆ. ಇವತ್ತು ಹಾಗಾಗದಿರಲಿ. 17ನೇ ಕಲಮನ್ನೂ 1972ರ ಕಾಯ್ದೆಯನ್ನೂ ಎದುರುಬದುರು ಇಟ್ಟು ಓದಿ, ಸಂಜೆಯ ನಿರ್ಣಯದಲ್ಲಿ ನೆಲದ ಒಡೆತನದ ಬಗ್ಗೆ ಸ್ಪಷ್ಟವಾದ ಒಂದು ಶಿಫಾರಸನ್ನಾದರೂ ಬರೆಯಿರಿ.