ಮಲಗಿ ಹೋಗುವ ಗಾಡಿ

ಉಡುತಡಿ ಎಂದೊಡನೆ ಎಲ್ಲರ ನೆನಪಿಗೆ ಬರುವ ಹೆಸರು ಅಕ್ಕಮಹಾದೇವಿಯದು. ಹನ್ನೆರಡನೆಯ ಶತಮಾನದಲ್ಲಿ ಆಕೆ ಈ ಊರಿನಿಂದ ಹೊರಟು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ಹೋದಳೆಂಬುದನ್ನು ತಾವೆಲ್ಲ ಬಲ್ಲಿರಿ. ಆಕೆ ನಡೆದೇ ಹೋದವಳು. ದಾರಿಯಲ್ಲಿ ತಲೆಯ ಮೇಲೊಂದು ಸೂರು ಬೇಕೆಂದು ಕೇಳಿದವಳಲ್ಲ. ಅಂಥ ಊರಿನ ಮಗ್ಗುಲಲ್ಲಿ ವಾಸವಾಗಿರುವ ನಾನು ಈ ಹೊತ್ತು ಹೇಳಹೊರಟಿರುವುದು ಚಕ್ರದ ಮೇಲೆ ಸೂರು ಕಟ್ಟಿದ ಕಥೆ. ಏನು ಮಾಡೋಣ? ನನ್ನ ಅವ್ವನಿಗೆ ಎಂಬತ್ತು ದಾಟಿದೆ. ಅಕ್ಕನ ಹಾಗೆ ನಡೆಯುವ ಮಾತಿರಲಿ, ಅರ್ಧ ಗಂಟೆ ಒಂದೇ ಕಡೆ ಕೂರುವುದೂ ಅವಳಿಂದಾಗದು. ಬೆನ್ನುಮೂಳೆ ಸವೆದಿದೆ. ಮಲಗಿದರೆ ಮಾತ್ರ ನೋವಿಲ್ಲ.

ಅವ್ವನ ತವರು ಸೊರಬ ತಾಲ್ಲೂಕಿನಲ್ಲಿ, ಚಂದ್ರಗುತ್ತಿಯ ಹತ್ತಿರ. ರೇಣುಕಾಂಬೆಯ ಗುಡ್ಡವನ್ನು ಇನ್ನೊಮ್ಮೆ ಕಣ್ಣಾರೆ ನೋಡಬೇಕೆಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದಳು. ಬಸ್ಸು ಹತ್ತಿದರೆ ಅವಳಿಗೆ ಹೊಟ್ಟೆ ತೊಳಸುತ್ತದೆ. ಒಮ್ಮೆ ನೆಂಟರ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮಡಿಸಿ ಮಲಗಿಸಿಕೊಂಡು ಹೊರಟೆವು. ಶಿರಾಳಕೊಪ್ಪ ದಾಟುವುದರೊಳಗೆ "ಇಳಿಸಪ್ಪಾ, ಸಾಕು" ಎಂದಳು. ತಿರುಗಿ ಬಂದೆವು.

ಆಗ ಅಮೆರಿಕದಲ್ಲಿರುವ ನನ್ನ ಸೋದರಳಿಯ ಕೆಲವು ಚಿತ್ರಗಳನ್ನು ಕಳಿಸಿದ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಗಾಡಿಗಳ ಚಿತ್ರ ಅವು. ಮುಂಭಾಗ ದುಂಡು, ಹಿಂದಕ್ಕೆ ಹೋದಂತೆ ಇಳಿಜಾರು. ಪಕ್ಕದಿಂದ ನೋಡಿದರೆ ಅಡ್ಡ ಮಲಗಿಸಿದ ನೀರಿನ ಹನಿಯಂತೆ ಕಾಣುತ್ತದೆ. ಆ ದೇಶದಲ್ಲಿ ಅದಕ್ಕೆ ಕಣ್ಣೀರಹನಿಯ ಹೆಸರನ್ನೇ ಇಟ್ಟಿದ್ದಾರೆ. ನಾನು ಹನಿಗಾಡಿ ಎಂದು ಕರೆಯುತ್ತೇನೆ. 1930ರ ದಶಕದಲ್ಲಿ ಅಲ್ಲಿ ಹುಟ್ಟಿದ ಗಾಡಿ ಇದು. ಅಂಗಡಿಯಲ್ಲಿ ಕೊಂಡವರಿಗಿಂತ ಮನೆಯ ಹಿತ್ತಲಲ್ಲಿ ತಾವೇ ಮಾಡಿಕೊಂಡವರಿಂದ ಅದಕ್ಕೆ ಹೆಸರು ಬಂತು. ಪಾಪ್ಯುಲರ್ ಮೆಕ್ಯಾನಿಕ್ಸ್, ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್‌ನಂಥ ಪತ್ರಿಕೆಗಳು ಅಳತೆ ಸಹಿತವಾದ ನಕ್ಷೆಗಳನ್ನು ಅಚ್ಚು ಹಾಕುತ್ತಿದ್ದವು. ಅಳತೆಯ ಗುಟ್ಟು ಬಹಳ ಸರಳ. ಪ್ಲೈವುಡ್ ಹಲಗೆ 8 ಅಡಿ ಉದ್ದ, 4 ಅಡಿ ಅಗಲದ್ದು ಸಿಗುತ್ತದೆ. ಆದ್ದರಿಂದ ಗಾಡಿಯ ಉದ್ದವೂ 8 ಅಡಿ, ಎತ್ತರ 4 ಅಡಿ. ಒಳಗೆ ಇಬ್ಬರಿಗೆ ಹಾಸಿಗೆ, ಅಷ್ಟೇ. ಎದ್ದು ನಿಲ್ಲುವ ಹಾಗಿಲ್ಲ. ಹಿಂದಿನ ಇಳಿಜಾರು ಭಾಗವನ್ನು ಪೆಟ್ಟಿಗೆಯ ಮುಚ್ಚಳದಂತೆ ಮೇಲಕ್ಕೆತ್ತಿದರೆ ಅಲ್ಲೊಂದು ಅಡಿಗೆ ಗೂಡು. ಬೇಯಿಸುವವರು ನೆಲದ ಮೇಲೆ ನಿಂತು ಬೇಯಿಸುತ್ತಾರೆ, ಮುಚ್ಚಳವೇ ಅವರಿಗೆ ಚಪ್ಪರ.

ಆ ಅಡಿಗೆ ಗೂಡನ್ನು ಕಂಡು ನಾನು ಮರುಳಾದೆ. ಕಟ್ಟಿದರೆ ಇಂಥದನ್ನೇ ಕಟ್ಟಬೇಕೆಂದು ಕಾಗದ ಪೆನ್ಸಿಲು ಹಿಡಿದು ಕುಳಿತೆ.

ಮೊದಲು ಅಡ್ಡ ಬಂದದ್ದು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಮೋಟಾರು ಎಳೆಯುವ ಟ್ರೈಲರೂ ಮೋಟಾರು ವಾಹನವೇ. ಅದಕ್ಕೆ ನೋಂದಣಿ ಬೇಕು, ನೋಂದಣಿಗೆ ಒಪ್ಪಿತವಾದ ಮಾದರಿ ಬೇಕು. ಹಿತ್ತಲಲ್ಲಿ ಮೊಳೆ ಹೊಡೆದು ಮಾಡಿದ್ದನ್ನು ಹಾಗೆಯೇ ಹೆದ್ದಾರಿಗೆ ಎಳೆದುಕೊಂಡು ಹೋಗಲಾಗದು. ಇದರಲ್ಲಿ ದೂರುವುದೇನೂ ಇಲ್ಲ, ರಸ್ತೆ ನನ್ನೊಬ್ಬನದಲ್ಲವಷ್ಟೆ. ಆದರೆ ಎತ್ತು ಎಳೆಯುವ ಗಾಡಿ ಆ ಕಾಯಿದೆಯೊಳಗೆ ಬರುವುದಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಎರಡು ಎತ್ತುಗಳಿದ್ದವು. ಅಟ್ಟದ ಕೆಳಗೆ ಅಜ್ಜನ ಕಾಲದ ಕಮಾನು ಗಾಡಿಯ ಮೈಕಟ್ಟು ಬಿದ್ದಿತ್ತು.

ಕಮಾನು ಗಾಡಿಯನ್ನು ನೋಡದ ಮಕ್ಕಳೂ ಈಗ ಇದ್ದಾರೆ, ಅವರಿಗಾಗಿ ಎರಡು ಮಾತು. ನಮ್ಮ ಅರೆಮಲೆನಾಡಿನಲ್ಲಿ ಜಾತ್ರೆಗೆ, ಮದುವೆಗೆ, ಬಾಣಂತಿಯನ್ನು ಕರೆತರುವುದಕ್ಕೆ ಇದೇ ಗಾಡಿ. ಶಿಕಾರಿಪುರದ ಹುಚ್ಚುರಾಯಸ್ವಾಮಿಯ ತೇರಿಗೆ, ಶಿರಸಿಯ ಮಾರಿಕಾಂಬೆಯ ಜಾತ್ರೆಗೆ ಮನೆಮಂದಿಯೆಲ್ಲ ಇದರಲ್ಲೇ ಹೋಗುತ್ತಿದ್ದರು. ತಳಕ್ಕೆ ಹುಲ್ಲು, ಹುಲ್ಲಿನ ಮೇಲೆ ಜಮಖಾನೆ, ಮೇಲೆ ಬಿದಿರ ಕಮಾನು, ಅಚ್ಚಿನ ಕೆಳಗೆ ತೂಗುಬಿಟ್ಟ ಲಾಂದ್ರ. ಊರು ಬಂದಾಗ ಎತ್ತು ಬಿಚ್ಚಿ, ಮೂಕಿಗೆ ಊರುಗೋಲು ಕೊಟ್ಟರೆ ಅದೇ ಮನೆ. ಅಮೆರಿಕದವರು 1930ರ ದಶಕದಲ್ಲಿ ಕಂಡುಕೊಂಡದ್ದನ್ನು ನಮ್ಮ ಹಿರಿಯರು ಎಷ್ಟು ಹಿಂದೆಯೇ ಬಳಸುತ್ತಿದ್ದರೆಂದು ಜಂಬ ಕೊಚ್ಚಲು ನನಗೂ ಆಸೆಯಾಗುತ್ತದೆ. ಆದರೆ ಆ ಜಂಬ ನನ್ನನ್ನು ಎಲ್ಲಿಗೆ ತಂದಿತೆಂಬುದನ್ನು ಮುಂದೆ ಹೇಳುತ್ತೇನೆ.

ಚಕ್ರದ ವಿಚಾರದಲ್ಲಿ ಬಹಳ ಯೋಚಿಸಿದೆ. ಅಜ್ಜನ ಗಾಡಿಯದು ಮರದ ಚಕ್ರ. ಚಿಕ್ಕಂದಿನಲ್ಲಿ ಅದಕ್ಕೆ ಹಳಿ ಹಾಕುವುದನ್ನು ನೋಡಿದ್ದೇನೆ. ಕಬ್ಬಿಣದ ಹಳಿಯನ್ನು ಚಕ್ರದ ಸುತ್ತಳತೆಗಿಂತ ತುಸು ಚಿಕ್ಕದಾಗಿಯೇ ಬೆಸೆಯುತ್ತಿದ್ದರು. ಬೆರಣಿಯ ಉರಿಯಲ್ಲಿ ಅದು ಕೆಂಪಗೆ ಕಾದು ಹಿಗ್ಗಿದಾಗ ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ಚಕ್ರಕ್ಕೆ ತೊಡಿಸಿ, ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಹಳಿ ಕುಗ್ಗುವಾಗ ಮರದ ಕೀಲುಗಳೆಲ್ಲ ಕಿರ್ರೆಂದು ಒಳಕ್ಕೆ ಬಿಗಿದುಕೊಳ್ಳುವ ಸದ್ದು ಈಗಲೂ ಕಿವಿಯಲ್ಲಿದೆ. ಒಂದು ಮೊಳೆಯಿಲ್ಲದೆ ಇಡೀ ಚಕ್ರ ಒಂದಾಗುತ್ತಿತ್ತು. ಆದರೆ ಆ ಚಕ್ರ ಮಣ್ಣಿನ ದಾರಿಗೆ ಸರಿ. ಡಾಂಬರಿನ ಮೇಲೆ ಕಬ್ಬಿಣ ಉರುಳಿದರೆ ಒಳಗೆ ಮಲಗಿದವರ ಹಲ್ಲು ಕೂಡ ಅಲುಗುತ್ತದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ 1970ರ ದಶಕದಿಂದ ಬಿಡದೆ ವಾದಿಸಿದರು. ಎತ್ತಿನ ಕುತ್ತಿಗೆಯ ಮೇಲೆ ಬೀಳುವ ಹೊರೆ, ಚಕ್ರದ ದೋಷ ಇವುಗಳತ್ತ ಓದಿದವರ ಗಮನ ಸೆಳೆದರು. ಅವ್ವನ ಬೆನ್ನನ್ನೂ ಎತ್ತಿನ ಕುತ್ತಿಗೆಯನ್ನೂ ನೆನೆದು, ಗಾಳಿ ತುಂಬಿದ ಟಯರಿನ ಚಕ್ರ, ಬೇರಿಂಗ್ ಇರುವ ಅಚ್ಚು ತಂದೆ. ಅಜ್ಜನ ಚಕ್ರಗಳನ್ನು ಗೋಡೆಗೆ ಒರಗಿಸಿಟ್ಟಿದ್ದೇನೆ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ ಕೀಲೆಣ್ಣೆಯ ಕೆಲಸವೂ ಅದರೊಂದಿಗೆ ಮುಗಿಯಿತು.

ಮೈಕಟ್ಟಿಗೆ ಮತ್ತಿ ಮರ, ಮೂಕಿಗೆ ಹಳೆಯ ದಿಂಡಿಗವೇ ಗಟ್ಟಿಯಾಗಿತ್ತು. ತಳಕ್ಕೆ ನೀರು ತಾಳುವ ಪ್ಲೈವುಡ್ ಹಾಕಿದೆ. ಪ್ಲೈವುಡ್ಡನ್ನು ನಂಬಿದವರು ಒಂದು ಮಾತು ತಿಳಿದಿರಬೇಕು: ಅದು ನೀರು ಕುಡಿಯುವುದು ಮೈಯಿಂದಲ್ಲ, ಅಂಚಿನಿಂದ. ಕೊಯ್ದ ಅಂಚಿಗೂ, ಬೈರಿಗೆ ಹಾಕಿದ ತೂತಿನ ಒಳಮೈಗೂ ಬಣ್ಣವನ್ನೋ ಅಂಟನ್ನೋ ಎರಡು ಮೂರು ಸಲ ಕುಡಿಸದಿದ್ದರೆ ಒಂದು ಮಳೆಗಾಲದಲ್ಲಿ ಪದರ ಬಿಟ್ಟು ಹೋಗುತ್ತದೆ. ಅಡಿಭಾಗಕ್ಕೆ ಗೇರೆಣ್ಣೆ ಬಳಿದೆ. ಕರಾವಳಿಯವರು ದೋಣಿಗೆ ಬಳಿಯುವುದು ಇದನ್ನೇ. ಕೈಗೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ನನ್ನ ಎಡಗೈ ಹದಿನೈದು ದಿನ ಕೆಲಸಕ್ಕೆ ಬರಲಿಲ್ಲ.

ಕಮಾನಿಗೆ ಬಿದಿರು. ಕಡಿದ ಬಿದಿರನ್ನು ಮೂರು ವಾರ ಕೆರೆಯ ನೀರಿನಲ್ಲಿ ಮುಳುಗಿಸಿಟ್ಟೆವು. ಒಳಗಿನ ಹಿಟ್ಟಿನಂಶ ನೀರಿಗೆ ಬಿಟ್ಟು ಹೋದರೆ ಕುಟ್ಟೆ ಹುಳುವಿಗೆ ತಿನ್ನಲು ಏನೂ ಉಳಿಯುವುದಿಲ್ಲ. ಆಮೇಲೆ ಸೀಳಿ ದಬ್ಬೆ ಮಾಡಿ, ಹಸಿಯಿದ್ದಾಗಲೇ ಕೆಂಡದ ಕಾವು ತೋರಿಸುತ್ತ ಮೆಲ್ಲಗೆ ಬಗ್ಗಿಸಿದೆವು. ಹನಿಯ ಆಕಾರ ಬರಲೆಂದು ಮುಂದಿನ ದಬ್ಬೆಯನ್ನು 4 ಅಡಿ ಎತ್ತರಕ್ಕೆ ನಿಲ್ಲಿಸಿ, ಹಿಂದಕ್ಕೆ ಹೋದಂತೆ ತಗ್ಗಿಸಿ, ಕೊನೆಯದನ್ನು ಎರಡೂವರೆ ಅಡಿಗೆ ಇಳಿಸಿದೆ. ಎತ್ತಿನ ನಡಿಗೆಗೆ ಗಾಳಿಯ ತಡೆ ಯಾವ ಲೆಕ್ಕ, ಹೇಳಿ! ಬರೀ ಚೆಂದಕ್ಕೆ ಮಾಡಿದೆ. ಅದರ ಮೇಲೆ ಚಾಪೆ, ಚಾಪೆಯ ಮೇಲೆ ಟಾರ್ಪಾಲು. ಮುಂದಿನ ಹಲಗೆಗೆ ಒಂದು ಬಳ್ಳಿ ಕೆತ್ತೋಣವೆಂದು ಉಳಿ ಹಿಡಿದೆ. ಸೊರಬ, ಸಾಗರದ ಗುಡಿಗಾರರು ಗಂಧದ ಕೊರಡಿನಲ್ಲಿ ಮಾಡುವ ಕೆಲಸವನ್ನು ನೋಡಿದ ಕಣ್ಣಿಗೆ ಅದು ಬಳ್ಳಿಯೆಂದು ಗುರುತು ಸಿಗುವುದು ಕಷ್ಟ. ಹಿಂದೆ ಕೆಂಪಗೆ ಹೊಳೆಯುವ ಪಟ್ಟಿಗಳನ್ನು ಅಂಟಿಸಿದೆ. ಕತ್ತಲಲ್ಲಿ ಲಾರಿಯವರ ಕಣ್ಣಿಗೆ ಲಾಂದ್ರವೊಂದೇ ಸಾಲದು.

ಕೊನೆಗೆ ಬಂತು ನನ್ನ ಮುದ್ದಿನ ಅಡಿಗೆ ಗೂಡು. ಗಾಡಿಯ ಹಿಂಬದಿಗೆ ಒಂದೂವರೆ ಅಡಿ ಚಾಚಿಸಿ ಪೆಟ್ಟಿಗೆ ಕಟ್ಟಿದೆ. ಒಲೆಗೆ ಒಂದು ಖಾನೆ, ಪಾತ್ರೆಗೆ ಒಂದು, ಅಕ್ಕಿ ಬೇಳೆಗೆ ಒಂದು, 20 ಲೀಟರ್ ನೀರಿನ ಡಬ್ಬಕ್ಕೆ ಒಂದು. ಹಿಂದಿನ ಬಾಯಿ ಪೂರ್ತಿ ಮುಚ್ಚಿತು. ಊರವರೆಲ್ಲ ಬಂದು ಮುಚ್ಚಳ ಎತ್ತಿ ಇಳಿಸಿ ನೋಡಿ ಹೋದರು. ನಮ್ಮೂರ ಬಡಿಗೇರ ಅಜ್ಜ ಮಾತ್ರ ಸುತ್ತ ಒಂದು ಸಲ ಬಂದು, ಮೂಕಿಯ ತುದಿಯನ್ನು ಒಂದು ಬೆರಳಿನಲ್ಲಿ ಎತ್ತಿ ನೋಡಿ, ಏನೂ ಹೇಳದೆ ಹೋದ. ಕೇಳದೆ ಹೇಳುವ ಅಭ್ಯಾಸ ಅವನಿಗಿಲ್ಲ. ಕೇಳುವ ಅಭ್ಯಾಸ ನನಗಿರಲಿಲ್ಲ.

ಅವ್ವನನ್ನು ಹತ್ತಿಸುವ ಮುನ್ನ ಅವಳ ತೂಕದ ಭತ್ತದ ಚೀಲ ಹಾಕಿಕೊಂಡು ಪರೀಕ್ಷೆಗೆ ಹೊರಟೆ. ಮಟ್ಟಸ ದಾರಿಯಲ್ಲಿ ಗಾಡಿ ಹೂವಿನಂತೆ ಹೋಯಿತು. ಕೆರೆಯ ಏರಿ ಹತ್ತುವಾಗ ನೊಗ ಎತ್ತುಗಳ ಹೆಗಲನ್ನು ಬಿಟ್ಟು ಮೇಲಕ್ಕೆದ್ದಿತು. ಕೊರಳ ಹಗ್ಗ ಗಂಟಲಿಗೆ ಬಿಗಿಯಿತು. ಎಡಗಡೆಯ ಎತ್ತು ಕಣ್ಣು ಮೇಲೆ ಮಾಡಿ ಮುಂಗಾಲು ಮಡಿಸಿ ಕುಸಿಯಿತು. ಕುಡುಗೋಲು ಕೈಯಲ್ಲಿದ್ದುದರಿಂದ ಹಗ್ಗ ಕೊಯ್ದೆ. ಗಾಡಿ ಹಿಂದಕ್ಕೆ ಬಿದ್ದು ನಿಂತಿತು. ಎತ್ತು ಉಳಿಯಿತು. ಒಳಗೆ ಚೀಲದ ಬದಲು ಅವ್ವ ಇದ್ದಿದ್ದರೆ ಎಂಬ ಯೋಚನೆ ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ಮರುದಿನ ಬಡಿಗೇರ ಅಜ್ಜನ ಮನೆಗೆ ನಾನೇ ಹೋದೆ. "ಮೇಷ್ಟ್ರೇ, ತಕ್ಕಡಿ ನೋಡೀರಲ್ಲ? ಅಚ್ಚೇ ತಕ್ಕಡಿ ಮುಳ್ಳು. ಹಿಂದೆ ಒಂದು ಚಟ್ಟಿ ಇಟ್ಟರೂ ಎತ್ತಿಗೆ ಗೊತ್ತಾಗ್ತದೆ" ಎಂದ. ಮನೆಗೆ ಬಂದು ಲೆಕ್ಕ ಹಾಕಿದೆ. ಪೆಟ್ಟಿಗೆ, ನೀರು, ದಿನಸಿ ಸೇರಿ 60 ಕಿಲೋ. ಅದು ಅಚ್ಚಿನಿಂದ 5 ಅಡಿ ಹಿಂದೆ. ನೊಗ ಇರುವುದು ಅಚ್ಚಿನಿಂದ 10 ಅಡಿ ಮುಂದೆ. ಹಾಗಾದರೆ ನೊಗವನ್ನು 30 ಕಿಲೋ ಬಲದಿಂದ ಮೇಲಕ್ಕೆತ್ತಿದಂತಾಯಿತು. ಏರು ದಾರಿಯಲ್ಲಿ ಒಳಗಿನ ಭಾರವೂ ಹಿಂದಕ್ಕೆ ವಾಲುತ್ತದೆ. ಮುಂಭಾರ ಹೆಚ್ಚಾದರೆ ಕುತ್ತಿಗೆ ಹುಣ್ಣಾಗುತ್ತದೆ, ಹಿಂಭಾರ ಹೆಚ್ಚಾದರೆ ಗಂಟಲು ಕಟ್ಟುತ್ತದೆ. ನೊಗ ಹೆಗಲ ಮೇಲೆ ಹಗುರಾಗಿ ಕೂತಿರಬೇಕು, ಅಷ್ಟೆ. ಸೋದರಳಿಯನನ್ನು ಕೇಳಿದಾಗ ಅವನು ನಕ್ಕು, ಹನಿಗಾಡಿ ಕಟ್ಟುವವರೂ ಇದನ್ನೇ ಮೊದಲು ಕಲಿಯುತ್ತಾರೆ ಎಂದ. ಗಾಡಿಯ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕಾರಿನ ಕೊಂಡಿಯ ಮೇಲೆ ಬೀಳಬೇಕಂತೆ. ಕಡಿಮೆಯಾದರೆ ಹಿಂದಿನ ಗಾಡಿ ಹಾವಿನಂತೆ ಹೊಯ್ದಾಡಿ ಕಾರನ್ನೂ ಉರುಳಿಸುತ್ತದೆ. ಅವರ ನಕ್ಷೆಯಲ್ಲಿ ಚಕ್ರದ ಜಾಗವನ್ನು ಅಡಿಗೆ ಗೂಡಿನ ಭಾರ ನೋಡಿಯೇ ಗುರುತಿಸಿದ್ದರು. ಗೂಡನ್ನು ನಾನು ತೆಗೆದುಕೊಂಡೆ, ಲೆಕ್ಕವನ್ನು ಅಲ್ಲೇ ಬಿಟ್ಟೆ.

ಅಜ್ಜ ಬಂದು ಮೈಕಟ್ಟನ್ನು ಅಚ್ಚಿನ ಮೇಲೆ ಒಂದು ಗೇಣು ಮುಂದಕ್ಕೆ ಸರಿಸಿ ಕೂರಿಸಿದ. ನೀರು, ಅಕ್ಕಿ, ಪಾತ್ರೆಗಳನ್ನು ಗಾಡಿ ಹೊಡೆಯುವವನ ಕುಳಿತ ಜಾಗದ ಕೆಳಕ್ಕೆ ತಂದೆ. ಪೆಟ್ಟಿಗೆಯನ್ನು ತೆಗೆಯಲು ಮಾತ್ರ ಮನಸ್ಸು ಬರಲಿಲ್ಲ. ಖಾಲಿಯಾಗಿ ಹಿಂದೆಯೇ ಇರಲೆಂದು ಬಿಟ್ಟೆ.

ಸುಗ್ಗಿ ಮುಗಿದ ಮೇಲೆ ಹೊರಟೆವು. ಕಾರಿನಲ್ಲಿ ಗಳಿಗೆಯ ದಾರಿ, ಎತ್ತಿಗೆ ಎರಡು ದಿನದ್ದು. ಬಿಸಿಲೇರುವ ಮುಂಚೆ ನಡೆದು, ಮಧ್ಯಾಹ್ನ ಮರದ ನೆರಳಲ್ಲಿ ಬಿಚ್ಚಿ, ತಂಪು ಹೊತ್ತಿನಲ್ಲಿ ಮತ್ತೆ ಹೂಡಿ, ಮೊದಲ ರಾತ್ರಿ ಸೊರಬದ ಹತ್ತಿರ ದಂಡಾವತಿಯ ಕಡೆ ತಂಗಿದೆವು. ಒಲೆಯನ್ನು ಗಾಡಿಯಿಂದ ದೂರ, ನೆಲದ ಮೇಲೆ ಮೂರು ಕಲ್ಲಿಟ್ಟು ಹಚ್ಚಿದೆವು. ಚಳಿಯೆಂದು ಮುಚ್ಚಿದ ಗಾಡಿಯೊಳಗೆ ಕೆಂಡ ಇಟ್ಟುಕೊಂಡು ಮಲಗಬಾರದು. ಅದರ ಗಾಳಿಯಿಂದ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಅವ್ವ ದಾರಿಯುದ್ದ ಒಮ್ಮೆಯೂ ಬೆನ್ನು ನೋವೆನ್ನಲಿಲ್ಲ. ಹೆಚ್ಚು ಮಾತನ್ನೂ ಆಡಲಿಲ್ಲ. ಚಂದ್ರಗುತ್ತಿಯಲ್ಲಿ ಅವಳನ್ನು ಗುಡ್ಡದ ಬುಡದಲ್ಲಿ ಇಳಿಸಿದೆವು. ಮೆಟ್ಟಿಲು ಹತ್ತಲಾರದೆ ಅಲ್ಲಿಂದಲೇ ಕೈಮುಗಿದು ಬಹಳ ಹೊತ್ತು ಮೇಲೆ ನೋಡುತ್ತ ಕುಳಿತಳು. ತವರಿನಲ್ಲಿ ಅವಳ ಸರೀಕರೆಂದು ಉಳಿದಿದ್ದವಳು ಒಬ್ಬಳೇ ಗೆಳತಿ. ಇಬ್ಬರೂ ಒಂದು ರಾತ್ರಿ ಗಾಡಿಯಲ್ಲೇ ಮಲಗಿ ಬೆಳಗಿನ ತನಕ ಏನೇನೋ ಮಾತಾಡಿದರು.

ತಿರುಗಿ ಬರುವಾಗ ಗಾಡಿ ಅರ್ಧ ಹರದಾರಿ ನಡೆದಿತ್ತೋ ಇಲ್ಲವೋ, ಅವ್ವ ಒಳಗಿನಿಂದ ಹಲಗೆ ಬಡಿದಳು. ನಿಲ್ಲಿಸಿದೆ.

"ಏನವ್ವಾ, ನೋವಾ?"

"ನೋವಲ್ಲೋ. ಮದುವೆಯಾಗಿ ಈ ದಾರೀಲೇ ಬಂದೆ. ನಿಮ್ಮಜ್ಜನ ಗಾಡಿ. ಹಿಂದಿನ ಬಾಯಾಗೆ ಕುಂತು, ಗುಡ್ಡ ಮರೆ ಆಗೋತನಕ ನೋಡ್ತಾ ಬಂದೆ. ಈಗ ನೋಡೋಣಂದ್ರೆ ಅಲ್ಲಿ ನಿನ್ನ ಪೆಟ್ಟಿಗೆ ಐತೆ."

ನನ್ನಲ್ಲಿ ಸ್ಪ್ಯಾನರ್ ಇತ್ತು. ಆರು ಬೋಲ್ಟು. ದಾರಿಯ ಪಕ್ಕದಲ್ಲೇ ಪೆಟ್ಟಿಗೆಯನ್ನು ಬಿಚ್ಚಿ, ಖಾಲಿ ಬರುತ್ತಿದ್ದ ಪರಿಚಯದವರ ಟ್ರ್ಯಾಕ್ಟರಿಗೆ ಹಾಕಿ ಕಳಿಸಿದೆ. ಎತ್ತುಗಳು ಹಗುರಾಗಿ ಹೆಜ್ಜೆ ಹಾಕಿದವು. ಅವ್ವನ ತಲೆದಿಂಬನ್ನು ಮುಂದಕ್ಕೆ ತಿರುಗಿಸಿ ಹಾಕಿದೆವು, ಕಾಲು ಹಿಂದಿನ ಬಾಯಿಯ ಕಡೆಗೆ. ಅವಳು ತಲೆ ಎತ್ತಿ ಮಲಗಿಕೊಂಡು ಗುಡ್ಡ ನೋಡುತ್ತ ಬಂದಳು. ಪೆಟ್ಟಿಗೆ ಈಗ ನಮ್ಮ ಅಡಿಗೆ ಮನೆಯಲ್ಲಿದೆ. ಅದರಲ್ಲಿ ಹುಣಸೆಹಣ್ಣು, ಬೆಲ್ಲ ಇಡುತ್ತೇವೆ.