ಕಪ್ಪು ಮರಳಿನಿಂದ ಬಿಳಿ ಮರಳಿಗೆ



ಪಾಲಿನೇಷ್ಯದ ಕಡಲತೀರಗಳ ಬಗ್ಗೆ ಮಾತಾಡಬೇಕೆಂದು ಸಂಘದವರು ಕೇಳಿದರು. ಹವಾಯಿ, ನ್ಯೂಜಿಲೆಂಡ್, ಈಸ್ಟರ್ ದ್ವೀಪ, ಈ ಮೂರು ಮೂಲೆಗಳ ನಡುವಿನ ದೊಡ್ಡ ತ್ರಿಕೋನವೇ ಪಾಲಿನೇಷ್ಯ. ನಕ್ಷತ್ರ ನೋಡಿ, ಅಲೆ ನೋಡಿ ದೋಣಿಯಲ್ಲಿ ದಾರಿ ಹಿಡಿದ ಜನ ಒಂದೊಂದೇ ದ್ವೀಪ ಸೇರಿ ಊರು ಮಾಡಿಕೊಂಡರು. ಯುರೋಪಿನ ಹಡಗುಗಳು ಬಂದದ್ದು ಎಷ್ಟೋ ಶತಮಾನಗಳ ಮೇಲೆ. ಚರಿತ್ರೆ ಇಷ್ಟು ಸಾಕು. ನಾನು ಹೇಳಬೇಕೆಂದು ಬಂದಿರುವುದು ಮರಳಿನ ವಿಷಯ, ಆ ಮರಳಿನ ಹಿಂದಿರುವ ಒಂದು ವಾದದ ವಿಷಯ. 1842ರಿಂದ ನಡೆದಿರುವ ಆ ವಾದ ಇನ್ನೂ ಮುಗಿದಿಲ್ಲ.

ಆ ತ್ರಿಕೋನದ ಒಳಗಿನ ಸೊಸೈಟಿ ದ್ವೀಪಗಳನ್ನು ತೆಗೆದುಕೊಳ್ಳಿ. ತಹೀತಿ, ಮೊರೆಯಾ, ಬೋರಾ ಬೋರಾ, ಮೌಪಿಟಿ ಒಂದೇ ಸಾಲಿನಲ್ಲಿ ವಾಯವ್ಯಕ್ಕೆ ಸಾಗುತ್ತವೆ. ಪ್ರವಾಸದ ಕಂಪನಿಗಳು ಬೋರಾ ಬೋರಾವನ್ನೇ ಮುಂದಿಟ್ಟು ಮಾರುತ್ತವೆ. ಆದರೆ ಈ ದ್ವೀಪಗಳನ್ನು ವಯಸ್ಸಿನ ಕ್ರಮದಲ್ಲೇ ನೋಡಬೇಕು, ಕಿರಿಯದರಿಂದ ಹಿರಿಯದಕ್ಕೆ. ಹಾಗೆ ನೋಡಿದರೆ ಒಂದು ಬೆಟ್ಟದ ಇಡೀ ಆಯುಸ್ಸು ಕಣ್ಣೆದುರು ಸರಿದುಹೋಗುತ್ತದೆ.

ಮೊದಲು ತಹೀತಿ. ಸುಮಾರು 10 ಲಕ್ಷ ವರ್ಷದ ಜ್ವಾಲಾಮುಖಿ, ಓರೊಹೆನಾ ಶಿಖರ 2,241 ಮೀಟರು. ಉತ್ತರ ದಡದಲ್ಲಿ ವೀನಸ್ ಪಾಯಿಂಟ್ ಇದೆ. 1769ರ ಜೂನ್ 3ರಂದು ಕ್ಯಾಪ್ಟನ್ ಕುಕ್ ಮತ್ತು ಸಂಗಡಿಗರು ಸೂರ್ಯನ ಮುಂದೆ ಶುಕ್ರ ಹಾದುಹೋಗುವುದನ್ನು ನೋಡಿದ ಜಾಗ. ಅಲ್ಲಿಯ ಮರಳು ಕಪ್ಪು, ಬಿಸಿಲೇರಿದರೆ ಬರಿಗಾಲಿಡಲು ಆಗದು. ಬೆಟ್ಟದ ಬಸಾಲ್ಟನ್ನು, ಅಂದರೆ ಲಾವಾ ಆರಿ ಆದ ಕಲ್ಲನ್ನು, ಹೊಳೆಗಳು ಅರೆದು ತಂದು ಸುರಿದದ್ದು ಅದು. ಸುಣ್ಣವಿದ್ದರೆ ಹುಳಿಗೆ ನೊರೆ ಏಳುತ್ತದೆ ಎಂದು ಅಂಗೈಯಲ್ಲಿ ಸ್ವಲ್ಪ ಹಾಕಿಕೊಂಡು ಮೇಲೆ ನಿಂಬೆರಸ ಹಿಂಡಿದೆ. ಏನೂ ಆಗಲಿಲ್ಲ. ನಮ್ಮ ಮಲ್ಪೆಯ, ಕಾರವಾರದ ಮರಳಿನ ಮೇಲೆ ಹಿಂಡಿದರೂ, ಚಿಪ್ಪಿನ ಚೂರಿಲ್ಲದಿದ್ದರೆ, ಏನೂ ಆಗುವುದಿಲ್ಲ. ಅದೂ ಹೊಳೆಗಳು ಘಟ್ಟದಿಂದ ಹೊತ್ತು ತಂದ ಬೆಣಚುಕಲ್ಲೇ.

ಮೊರೆಯಾ ತಹೀತಿಗೆ ಎದುರು ದಡ, ಫೆರಿಯಲ್ಲಿ ಒಂದು ಗಂಟೆಯೊಳಗಿನ ದಾರಿ. ಬೆಟ್ಟ ಇಲ್ಲಿ 1,207 ಮೀಟರಿಗೆ ಇಳಿದಿದೆ. ಒಪುನೊಹು ಕೊಲ್ಲಿಯ ಒಳತುದಿಯಲ್ಲಿ ಇನ್ನೂ ಹೊಳೆ ತಂದ ಕಪ್ಪು ಮಣ್ಣಿದೆ. ವಿಮಾನ ನಿಲ್ದಾಣದ ಪಕ್ಕದ ತೆಮಾಯೆ ತೀರಕ್ಕೆ ಬಂದರೆ ಬಿಳಿ. ಆ ಬಿಳಿ ಮರಳಿಗೆ ನಿಂಬೆರಸ ಹಾಕಿದಾಗ ಸಣ್ಣಗೆ ನೊರೆ ಎದ್ದಿತು. ಲೆನ್ಸ್ ಹಿಡಿದರೆ ಒಂದು ಕಾಳು ಹವಳದ ಚೂರು, ಇನ್ನೊಂದು ಶಂಖದ ಸುರುಳಿಯ ತುಣುಕು, ಮತ್ತೊಂದು ಸೂಜಿತುದಿಯಷ್ಟರ ಜೀವಿಯ ತೂತು ತೂತಾದ ಚಿಪ್ಪು. ಕಲ್ಲೆನ್ನುವುದು ಅಲ್ಲಿ ಒಂದು ಕಾಳೂ ಕಾಣಲಿಲ್ಲ. ಪೂರಾ ತೀರ ಜೀವಿಗಳ ದೇಹದಿಂದ ಆಗಿದೆ.

ಇದನ್ನು ಪುಡಿ ಮಾಡುವವರು ಯಾರು? ಅಲೆಗಳು ಮಾಡುತ್ತವೆ, ನಿಜ. ಆದರೆ ದೊಡ್ಡ ಪಾಲು ಗಿಳಿಮೀನಿನದು. ಹಲ್ಲುಗಳೆಲ್ಲ ಕೂಡಿ ಗಿಳಿಕೊಕ್ಕಿನಂತಾದ ಬಾಯಿಂದ ಅದು ಹವಳದ ಕಲ್ಲನ್ನು ಕೆರೆದು ಪಾಚಿ ತಿನ್ನುತ್ತದೆ. ಗಂಟಲಲ್ಲಿರುವ ಇನ್ನೊಂದು ಜೊತೆ ಹಲ್ಲಿನಿಂದ ಕಲ್ಲನ್ನು ಅರೆದು, ಹಿಂದಿನಿಂದ ಮರಳು ಬಿಡುತ್ತದೆ. ದೊಡ್ಡ ಜಾತಿಯ ಒಂದೇ ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. 1836ರಲ್ಲಿ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಲ್ಲಿ ಚಾರ್ಲ್ಸ್ ಡಾರ್ವಿನ್ ಈ ಮೀನಿನ ಕರುಳು ಸೀಳಿ ನೋಡಿದ. ಒಳಗೆ ಸುಣ್ಣದ ಕೆಸರು ತುಂಬಿತ್ತು. ಮೀನು ಅಡುಗೆಮನೆಗೆ ಹೋದರೆ ತೀರಕ್ಕೆ ಹೊಸ ಮರಳು ಬರುವುದು ಅಷ್ಟು ಕಡಿಮೆಯಾಗುತ್ತದೆ.

ಡಾರ್ವಿನ್ನನ ಹೆಸರು ಬಂತು, ಇನ್ನು ವಾದಕ್ಕೆ ಬರುತ್ತೇನೆ.

1835ರ ನವೆಂಬರಿನಲ್ಲಿ ಅವನು ತಹೀತಿಯ ಬೆಟ್ಟ ಹತ್ತಿ ಮೊರೆಯಾವನ್ನು ನೋಡಿದ. ನಡುವೆ ಬೆಟ್ಟ, ಸುತ್ತ ಲಗೂನಿನ ಶಾಂತ ನೀರು, ಅದರಾಚೆ ಹವಳದ ದಿಬ್ಬದ ಮೇಲೆ ಒಡೆಯುವ ಬಿಳಿ ಅಲೆ. ನಡುವಿನ ಬೆಟ್ಟ ಮುಳುಗಿಬಿಟ್ಟರೆ ಉಳಿಯುವುದು ಬರೀ ಬಳೆ. ಬೆಟ್ಟ ನಿಧಾನವಾಗಿ ಇಳಿದಂತೆ ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯುತ್ತದೆ, ಕಡೆಗೆ ಕಂಕಣ ದ್ವೀಪ ಆಗುತ್ತದೆ ಎಂದು 1842ರ ಪುಸ್ತಕದಲ್ಲಿ ಬರೆದ. ಸುಂದರಕಾಂಡ ಕೇಳಿ ಬೆಳೆದವರಿಗೆ ಇದು ಕಷ್ಟವಲ್ಲ: ಪ್ರತಿ ಕಂಕಣ ದ್ವೀಪದ ಕೆಳಗೆ ಕಡಲಲ್ಲಿ ಅಡಗಿ ಕೂತ ಬೆಟ್ಟ, ಒಬ್ಬ ಮೈನಾಕ ಇದ್ದಾನೆ.

ಎಲ್ಲರೂ ಒಪ್ಪಲಿಲ್ಲ. ಕಡಲ ವಿಜ್ಞಾನಿ ಜಾನ್ ಮರ‍್ರೆ 1880ರಲ್ಲಿ ಬೆಟ್ಟ ಮುಳುಗಲೇಬೇಕಿಲ್ಲ, ಕಡಲಡಿಯ ದಿಣ್ಣೆಯ ಮೇಲೆ ಹೂಳು ಕೂತು ಎತ್ತರವಾದರೆ ಅದರ ಮೇಲೆ ಹವಳ ಬೆಳೆಯುತ್ತದೆ ಎಂದ. ಅಮೆರಿಕದ ವಿಜ್ಞಾನಿ ಅಲೆಕ್ಸಾಂಡರ್ ಅಗಸಿಜ್ ತಾಮ್ರದ ಗಣಿಯಲ್ಲಿ ಗಳಿಸಿದ ಹಣ ಸುರಿದು ದ್ವೀಪದಿಂದ ದ್ವೀಪಕ್ಕೆ ಅಲೆದು ಡಾರ್ವಿನ್ನನ ವಿರುದ್ಧ ಪುರಾವೆ ಕೂಡಿಸಿದ. ಯಾರಾದರೂ ಭಾರೀ ಸಿರಿವಂತ ಕಂಕಣ ದ್ವೀಪದಲ್ಲಿ ಆಳಕ್ಕೆ ಕೊರೆಸಬಾರದೇ ಎಂದು ಡಾರ್ವಿನ್ 1881ರಲ್ಲಿ ಅವನಿಗೇ ಪತ್ರ ಬರೆದಿದ್ದ. ಇಂಥ ದಿಬ್ಬ ಕಟ್ಟುವ ಹವಳ ಬದುಕುವುದು ಬಿಸಿಲು ಮುಟ್ಟುವ ಆಳದಲ್ಲಿ ಮಾತ್ರ. ನೂರಾರು ಮೀಟರು ಕೆಳಗೂ ಅದೇ ಹವಳ ಸಿಕ್ಕರೆ ನೆಲ ಇಳಿದಿದೆ ಎಂದೇ ಅರ್ಥ.

ಕೊರೆದದ್ದು ಪಾಲಿನೇಷ್ಯದಲ್ಲೇ, ಈಗಿನ ಟುವಾಲು ದೇಶದ ಫುನಾಫುಟಿಯಲ್ಲಿ. ಲಂಡನ್ನಿನ ರಾಯಲ್ ಸೊಸೈಟಿ 1896ರಿಂದ 1898ರವರೆಗೆ ಮೂರು ತಂಡ ಕಳಿಸಿತು. ಮೊದಲ ತಂಡ ಸಡಿಲ ಮರಳಿನಲ್ಲಿ ಸಿಕ್ಕಿಬಿದ್ದು ಕೈಬಿಟ್ಟಿತು. ಎಜ್‌ವರ್ತ್ ಡೇವಿಡ್ ಎಂಬ ಭೂವಿಜ್ಞಾನಿಯ ನೇತೃತ್ವದ ಎರಡನೆಯದು ಮುಂದೆ ಹೋಯಿತು. ಕಡೆಗೆ 340 ಮೀಟರು ಮುಟ್ಟಿದಾಗಲೂ ಬರೀ ಸುಣ್ಣಕಲ್ಲು, ಬಸಾಲ್ಟ್ ಸಿಗಲಿಲ್ಲ. ಡಾರ್ವಿನ್ನನ ಕಡೆಯವರು ನಾವೇ ಗೆದ್ದೆವು ಎಂದರು. ಇದು ದಿಬ್ಬದ ಇಳಿಜಾರಿಗೆ ಉರುಳಿಬಿದ್ದ ಚೂರು ಅಷ್ಟೇ ಎಂದರು ಎದುರಾಳಿಗಳು. 1952ರಲ್ಲಿ ಮಾರ್ಷಲ್ ದ್ವೀಪಗಳ ಎನಿವೆಟಾಕ್‌ನಲ್ಲಿ ಕೊರೆದಾಗ 1,200 ಮೀಟರಿಗೂ ಕೆಳಗೆ ಬಸಾಲ್ಟ್ ಸಿಕ್ಕಿತು. ಬೆಟ್ಟ ಮುಳುಗಿದ್ದು ಖಚಿತವಾಯಿತು.

ಅಲ್ಲಿಗೆ ಮುಗಿಯಿತು ಎಂದು ಪಾಠಪುಸ್ತಕಗಳು ಹೇಳುತ್ತವೆ. ನಮಗೆ ಭೂವಿಜ್ಞಾನ ಕಲಿಸಿದ ಮೇಷ್ಟ್ರು ಹಾಗೆ ಹೇಳಲು ಬಿಡುತ್ತಿರಲಿಲ್ಲ. ಒಂದು ದಿನ ತರಗತಿಗೆ ಶಹಾಬಾದ್ ಕಲ್ಲಿನ, ಅಂದರೆ ಸುಣ್ಣಕಲ್ಲಿನ, ತುಂಡು ತಂದು ಮೇಜಿನ ಮೇಲಿಟ್ಟರು. ಅದರ ಮೇಲೆ ತೆಳು ಆಮ್ಲವನ್ನು ತೊಟ್ಟು ತೊಟ್ಟಾಗಿ ಬಿಡುತ್ತ ಹೋದರು. ಅಂಚಿಗೆ ಬಂದದ್ದು ಕೂಡಲೇ ಜಾರಿ ಕೆಳಗೆ ಬಿತ್ತು. ನಡುವೆ ನಿಂತದ್ದು ನಿಂತಲ್ಲೇ ಕಲ್ಲನ್ನು ತಿಂದಿತು. ಸ್ವಲ್ಪ ಸ್ವಲ್ಪವಾಗಿ ಅಂಚು ಎದ್ದುನಿಂತು ನಡು ತಗ್ಗಾಯಿತು, ಕಂಕಣ ದ್ವೀಪದ ಹಾಗೆ. ‘ಹಿಮಯುಗದಲ್ಲಿ ಕಡಲು 120 ಮೀಟರು ಕೆಳಗಿತ್ತು ಕಣಯ್ಯಾ. ದಿಬ್ಬವೆಲ್ಲ ಬಯಲಾಗಿ ಸಾವಿರಾರು ವರ್ಷ ಮಳೆಗೆ ಒಡ್ಡಿಕೊಂಡಿತ್ತು. ಆ ಮಳೆ ಏನು ಮಾಡಿತು ಅಂತ ನಿಮ್ಮ ಡಾರ್ವಿನ್ ಕೇಳಿದನೇ?’ ಎಂದರು. ಬೆಟ್ಟ ತಗ್ಗುವುದಕ್ಕೆ ಮುಳುಗಲೇಬೇಕಿಲ್ಲ, ಮಳೆ ತೊಳೆದರೂ ತಗ್ಗುತ್ತದೆ ಎಂಬುದು ಅವರ ಇನ್ನೊಂದು ಮಾತು. ಆಗ ನಮಗೆ ಅದು ಹಟ ಅನಿಸಿತ್ತು. 2021ರಲ್ಲಿ ಆಂಡ್ರೆ ಡ್ರಾಕ್ಸ್ಲರ್ ಮತ್ತು ಸ್ಟೆಫಾನ್ ಜೋರಿ ಎಂಬ ವಿಜ್ಞಾನಿಗಳು ದೀರ್ಘ ಲೇಖನದಲ್ಲಿ ಇದೇ ಹಾದಿ ಹಿಡಿದಿದ್ದಾರೆ. ಈಗಿನ ಕಂಕಣ ದ್ವೀಪಗಳ ಆಕಾರಕ್ಕೆ ಕಾರಣ ಕಡಲಮಟ್ಟದ ಏರಿಳಿತ, ಸಪಾಟು ಸುಣ್ಣಕಲ್ಲನ್ನು ಮಳೆ ಕರಗಿಸಿದ್ದು ಎನ್ನುತ್ತಾರೆ. ಅದನ್ನು ಓದಿದ ದಿನ ಮೇಷ್ಟ್ರು ಇರಬೇಕಿತ್ತು ಅನಿಸಿತು.

ಈಗ ಮತ್ತೆ ದ್ವೀಪಗಳಿಗೆ. ಬೋರಾ ಬೋರಾದ ಒಟೆಮಾನು 727 ಮೀಟರು. ಲಗೂನಿನ ಮೋಟುಗಳಲ್ಲಿ, ಅಂದರೆ ದಿಬ್ಬದ ಮೇಲಿನ ಸಣ್ಣ ನಡುಗಡ್ಡೆಗಳಲ್ಲಿ, ಹೋಟೆಲುಗಳೇ ತುಂಬಿವೆ. ಮಟೀರಾ ತೀರ ಮಾತ್ರ ಎಲ್ಲರದು, ಯಾರು ಬೇಕಾದರೂ ಹೋಗಿ ಕೂರಬಹುದು. ಬಹಳ ಚೆಲುವಾದ ತೀರ, ಜನ ಹೊಗಳುವುದರಲ್ಲಿ ತಪ್ಪಿಲ್ಲ. ಅಲ್ಲಿಂದ ಪಶ್ಚಿಮಕ್ಕೆ 40 ಕಿಲೋಮೀಟರು ಹೋದರೆ ಮೌಪಿಟಿ. ಸುಮಾರು 40 ಲಕ್ಷ ವರ್ಷದ ಬೆಟ್ಟ, ಈಗ 380 ಮೀಟರಿನ ಆಸುಪಾಸು. ನೀರ ಮೇಲಿನ ಬಂಗಲೆಗಳಿಲ್ಲ, ಊರಿನ ಮನೆಗಳಲ್ಲೇ ಅತಿಥಿಗಳಿಗೆ ಊಟ, ವಸತಿ. ತೆರೆಯಿಯಾ ತೀರದಿಂದ ಸೊಂಟಮಟ್ಟದ ನೀರಿನಲ್ಲಿ ನಡೆದೇ ಎದುರಿನ ಔಯಿರಾ ಮೋಟುವಿಗೆ ದಾಟಬಹುದು. ಪಾಲಿನೇಷ್ಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ತೀರ ಇದು. ಇನ್ನೂ ಪಶ್ಚಿಮಕ್ಕೆ ಮೋಪೆಲಿಯಾ ಇದೆ, ಬೆಟ್ಟವೇ ಇಲ್ಲದ ಬರೀ ಬಳೆ. ಪ್ರವಾಸಿಗರಿಗೆ ಅದು ಕೈಗೆಟುಕುವುದಿಲ್ಲ. ಬಳೆ ನೋಡಬೇಕೆಂದರೆ ಟುವಾಮೊಟು ದ್ವೀಪಗಳ ರಾಂಗಿರೋವಾಕ್ಕೆ ಹೋಗಬಹುದು, ಅಲ್ಲಿ ಒಂದೆಡೆ ಮರಳಿಗೆ ಗುಲಾಬಿ ಬಣ್ಣವಿದೆ.

ಈ ತೀರಗಳು ಎಷ್ಟು ದಿನ ಇರುತ್ತವೆ ಎಂಬ ಪ್ರಶ್ನೆಗೆ ಮೊರೆಯಾದಲ್ಲೇ ಒಂದು ಉತ್ತರ ಸಿಕ್ಕಿದೆ. ಹವಳ ತಿನ್ನುವ ಮುಳ್ಳಿನ ನಕ್ಷತ್ರಮೀನು ಹೆಚ್ಚಿ, ಅದರ ಮೇಲೆ 2010ರಲ್ಲಿ ಓಲಿ ಚಂಡಮಾರುತ ಬಡಿದು, ಹೊರದಿಬ್ಬದ ಹವಳ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. ಹತ್ತು ವರ್ಷದೊಳಗೆ ತಿರುಗಿ ಚಿಗುರಿತು. ಸತ್ತ ಕಲ್ಲಿನ ಮೇಲೆ ಪಾಚಿ ಹಬ್ಬದಂತೆ ಮೇಯ್ದು ಜಾಗ ಉಳಿಸಿದ್ದರಲ್ಲಿ ಗಿಳಿಮೀನಿನಂಥ ಮೀನುಗಳ ಪಾಲು ದೊಡ್ಡದು. 2019ರಲ್ಲಿ ನೀರು ಕಾದು ಹವಳ ಮತ್ತೆ ಬಿಳಿಚಿತು. ಟುವಾಲುವಿನಲ್ಲಿ 1971ರಿಂದ 2014ರವರೆಗಿನ ಚಿತ್ರಗಳನ್ನು ಹೋಲಿಸಿದವರು ಸಮುದ್ರ ಏರಿದರೂ ಒಟ್ಟು ನೆಲ ಶೇಕಡಾ 2.9ರಷ್ಟು ಹೆಚ್ಚಿದೆ ಎಂದು 2018ರಲ್ಲಿ ಪ್ರಕಟಿಸಿದರು. ದಿಬ್ಬ ಮರಳು ಕೊಡುತ್ತಿದೆ, ಅಲೆ ಅದನ್ನು ದಡಕ್ಕೆ ಹಾಕುತ್ತಿದೆ. ಹಾಗೆಂದು ನೆಮ್ಮದಿಯಿಂದ ಕೂರುವಂತಿಲ್ಲ. ನೆಲ ಬೆಳೆದರೂ ಬಾವಿಗೆ ಉಪ್ಪುನೀರು ನುಗ್ಗಿದರೆ ಜನ ಹೇಗೆ ಬದುಕಬೇಕು?

ಇನ್ನು ಕೆಲವು ಪ್ರಶ್ನೆ ನಿಮ್ಮ ಮುಂದಿಡುತ್ತೇನೆ. ಮೌಪಿಟಿಯ ಲಗೂನಿನಲ್ಲಿ ನಡೆಯುವಾಗ ಕಾಲಡಿಯ ಆ ತಗ್ಗು ಬೆಟ್ಟ ಇಳಿದದ್ದರಿಂದ ಆದದ್ದೇ, ಮಳೆ ಕರಗಿಸಿದ್ದರಿಂದಲೇ? ಎರಡೂ ಸೇರಿದ್ದರೆ ಯಾವುದರ ಪಾಲು ಎಷ್ಟು? ಸಾಲಾಗಿ ತಗ್ಗುತ್ತ ಹೋಗುವ ಬೆಟ್ಟಗಳನ್ನು ನೋಡಿದಾಗ ನಾನು ಡಾರ್ವಿನ್ನನ ಕಡೆ. ಶಹಾಬಾದ್ ಕಲ್ಲು ನೆನಪಾದಾಗ ಮೇಷ್ಟ್ರ ಕಡೆ. ಅಷ್ಟು ದೂರ ವಿಮಾನದಲ್ಲಿ ಹೋಗಿ, ಆ ಹೊಗೆಯಿಂದಲೇ ಕಾಯುವ ಸಮುದ್ರದ ಹವಳ ನೋಡಿ ಬರುವುದು ಸರಿಯೇ? ಬೇಡ ಎಂದರೆ ಮೌಪಿಟಿಯಲ್ಲಿ ಅತಿಥಿಗಳನ್ನೇ ನಂಬಿದ ಮನೆಗಳಿಗೆ ಏನು ಹೇಳುವುದು? ತಿಳಿದವರು ಸಭೆಯಲ್ಲಿದ್ದರೆ ದಯವಿಟ್ಟು ಮಾತಾಡಿ.

ಹೋಗುವವರಿಗೆ ಒಂದು ಕೋರಿಕೆ. ತಹೀತಿಯ ಕಪ್ಪು ಮರಳನ್ನು ಬಿಟ್ಟು ಮುಂದೆ ಹಾರಬೇಡಿ, ಹೋಟೆಲಿನಲ್ಲಿ ಗಿಳಿಮೀನು ತಿನ್ನಬೇಡಿ, ಬೋರಾ ಬೋರಾದಿಂದಲೇ ಹಿಂತಿರುಗಬೇಡಿ. ಮೇಯಿಂದ ಅಕ್ಟೋಬರ್‌ವರೆಗೆ ಮಳೆ ಕಡಿಮೆ. ಮೌಪಿಟಿಗೆ ಸಣ್ಣ ವಿಮಾನ, ಅದೂ ವಾರದಲ್ಲಿ ಕೆಲವೇ ದಿನ. ಟಿಕೆಟ್ ಮೊದಲೇ ಮಾಡಿಸಿಕೊಳ್ಳಿ.